ಪಿಕಪ್‌ನ ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಮನೆಯಲ್ಲೇ ಬದಲಿಸೋದು ಹೇಗೆ?

ಪ್ರತಿ ವಾರ ಗೊಬ್ಬರ, ಕೀಟ, ಬೀಜ ಅಂತ ಬರೆಯೋ ನಾನು ಈ ವಾರ ಗಾಡಿ ಬಗ್ಗೆ ಬರೀತಿದ್ದೀನಿ. ಬೆಳೆದ ತರಕಾರಿ ಮಾರ್ಕೆಟ್ ಮುಟ್ಟಿದ ಮೇಲೇ ಅಲ್ವಾ ದುಡ್ಡಾಗೋದು? ಮುಟ್ಟಿಸೋ ಗಾಡಿ ಸರಿಯಾಗಿ ನಿಲ್ಲೋದೂ ಕೃಷಿಯ ಭಾಗವೇ.

ಎರಡು ವರ್ಷದ ಹಿಂದೆ, ಗಣೇಶನ ಹಬ್ಬದ ಮುಂಚಿನ ವಾರ. ಬೀನ್ಸ್, ಸೌತೆ, ಹಾಗಲ ತುಂಬಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಟಿದ್ವಿ. ತಮ್ಮ ಓಡಿಸ್ತಿದ್ದ, ನಾನು ಪಕ್ಕದಲ್ಲಿ. ಅರ್ಧ ಘಾಟಿ ಇಳಿದಿದ್ದೇವಷ್ಟೇ, "ಅಣ್ಣಾ, ಬ್ರೇಕ್ ಹಿಡೀತಿಲ್ಲ" ಅಂದ. ಪೆಡಲ್ ನೆಲಕ್ಕೆ ಹೋಗ್ತಿತ್ತು. ಪುಣ್ಯಕ್ಕೆ ಗಾಡಿ ಎರಡನೇ ಗೇರ್‌ನಲ್ಲಿತ್ತು. ಮೊದಲನೇ ಗೇರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಒರೆಸಿ ನಿಲ್ಲಿಸಿದ. ಎದುರಿಗೆ ಒಂದು ಬಸ್ ಬರ್ತಿತ್ತು. ಇನ್ನೊಂದು ಬದಿ ಪ್ರಪಾತ.

ಒಂದು ಗಂಟೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯ್ತು. ಆಮೇಲೆ ಚಕ್ರ ಬಿಚ್ಚಿ ನೋಡಿದಾಗ ಕಾರಣ ಗೊತ್ತಾಯ್ತು. ಒಳಗಿನ ಪ್ಯಾಡ್ ಪೂರ್ತಿ ಸವೆದು ಅದರ ಕಬ್ಬಿಣದ ತಗಡೇ ಡಿಸ್ಕನ್ನು ಉಜ್ಜುತ್ತಿತ್ತು. ಆ ಕಾವಿಗೆ ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್ ಕುದ್ದು ಆವಿಯಾಗಿತ್ತು. ಆಯಿಲ್ ಕುಗ್ಗೋದಿಲ್ಲ, ಆವಿ ಕುಗ್ಗುತ್ತೆ. ಅದಕ್ಕೇ ಪೆಡಲ್ ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗೋದೇ ಇಲ್ಲ. ಮೂರು ವಾರದಿಂದ ಗಾಡಿ 'ಕಿರ್ರ್' ಅಂತ ಕೂಗ್ತಾನೇ ಇತ್ತು. ಹಾಗಲದ ಎಲೆ ಮೇಲೆ ಒಂದು ಚುಕ್ಕೆ ಕಂಡರೆ ಓಡಿಹೋಗಿ ನೋಡೋ ನಾನು, ಇದನ್ನು ಕೇಳಿಸಿಕೊಳ್ಳಲಿಲ್ಲ. ಆವತ್ತಿಂದ ಈ ಕೆಲಸ ಕಲಿತೆ. ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಮೊದಲ ಸಲ ಮಾಡಿಸಿದ್ರು, ನೀವೂ ಹಾಗೇ ಶುರು ಮಾಡಿ.

ಯಾವಾಗ ಬದಲಿಸಬೇಕು?

ನಮ್ಮ ಕಡೆ ಓಡೋ ಹೆಚ್ಚಿನ ಸಣ್ಣ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲೋದರಿಂದ ಮುಂದಿನ ಬ್ರೇಕಿಗೇ ಹೆಚ್ಚು ಕೆಲಸ. ಈ ಲಕ್ಷಣ ನೋಡಿ:

- ಬ್ರೇಕ್ ಒತ್ತಿದಾಗ ಕಿರುಚುವ ಸದ್ದು. ಕೆಲವು ಪ್ಯಾಡ್‌ಗಳಲ್ಲಿ ಸವೆದಾಗ ಕೂಗಲೆಂದೇ ಒಂದು ಸಣ್ಣ ತಗಡು ಇರುತ್ತೆ. ಸದ್ದು 'ಗರಗರ' ಆಯ್ತು ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಗಾಡಿ ಹೊರಗೆ ತೆಗೀಬೇಡಿ.
- ಪ್ಯಾಡ್‌ನ ಉಜ್ಜುವ ಭಾಗ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ. ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಸೇರಿಸಬೇಡಿ.
- ಬ್ರೇಕ್ ಒತ್ತಿದಾಗ ಪೆಡಲ್, ಸ್ಟೇರಿಂಗ್ ಅದುರಿದರೆ ಡಿಸ್ಕ್ ಸಮವಾಗಿ ಸವೆದಿಲ್ಲ.
- ಗಾಡಿ ಒಂದೇ ಬದಿಗೆ ಎಳೆದರೆ ಒಂದು ಕಡೆಯ ಕ್ಯಾಲಿಪರ್ ಕಚ್ಚಿಕೊಂಡಿರಬಹುದು.

ಡಿಸ್ಕ್‌ಗೂ ಮಿತಿ ಇದೆ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಮಿ.ಮೀ. ಲೆಕ್ಕದಲ್ಲಿ ಅಚ್ಚೊತ್ತಿರುತ್ತಾರೆ. ವರ್ನಿಯರ್ ಹಿಡಿದು ನಾಲ್ಕೈದು ಕಡೆ ಅಳೆಯಿರಿ. ಅಂಚಿನಲ್ಲಿ ಸವೆಯದ ಏಣು ಇರುತ್ತೆ, ಅದನ್ನು ಬಿಟ್ಟು ಒಳಗೆ ಅಳೆಯಬೇಕು. ಮಿತಿಗಿಂತ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಬದಲಿಸಿ. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎಡ ಬಲ ಎರಡೂ ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಎಳೆಯುತ್ತೆ.

ಬೇಕಾದ ಸಾಮಾನು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡೋ ಅಡ್ಡಗಟ್ಟೆ, ವೀಲ್ ಪಾನ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸಿ-ಕ್ಲ್ಯಾಂಪ್, ತಂತಿ ಬ್ರಶ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಬರುವ ಗ್ರೀಸ್, ಮಾಸ್ಕ್, ಕೈಗವಸು. ಟಾರ್ಕ್ ರೆಂಚ್ ಇಲ್ಲದಿದ್ದರೆ ನಾಲ್ಕು ಜನ ಸೇರಿ ಒಂದು ತಗೊಳ್ಳಿ. ಪ್ಯಾಡ್ ಕೊಳ್ಳುವಾಗ ಗಾಡಿಯ ಮಾಡೆಲ್, ವರ್ಷ ಹೇಳಿ, ಹಳೆಯದನ್ನೂ ತೋರಿಸಿ.

ಗಾಡಿ ಎತ್ತೋದು: ಇಲ್ಲಿ ಅವಸರ ಬೇಡ

ಮೆದು ಮಣ್ಣಿನ ಮೇಲೆ ಜಾಕ್ ಹಾಕಬೇಡಿ. ಮಳೆಗಾಲದಲ್ಲಿ ಅಂಗಳದ ಮಣ್ಣಿಗೆ ಜಾಕ್ ಇಳಿದೇ ಇಳಿಯುತ್ತೆ. ಅಡಿಕೆ ಒಣಗಿಸೋ ಸಿಮೆಂಟ್ ಅಂಗಳ ಇದ್ದರೆ ಒಳ್ಳೇದು. ಸಾಮಾನು ಪೂರ್ತಿ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿ ಬಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಆಮೇಲೆ ಎತ್ತಿ, ಚಾಸಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟು, ಭಾರ ಅದರ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗೋದು ಬೇಡವೇ ಬೇಡ. ಕಲ್ಲು, ಇಟ್ಟಿಗೆ ಪೇರಿಸೋದೂ ಬೇಡ, ಒಡೆದರೆ ಮುಗೀತು. ಬಿಚ್ಚಿದ ಚಕ್ರವನ್ನು ಚಾಸಿ ಅಡಿಗೆ ಮಲಗಿಸಿಡಿ, ಅದೊಂದು ಹೆಚ್ಚುವರಿ ಧೈರ್ಯ.

ಬಿಚ್ಚೋದು

1. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿ. ಮರೆತರೆ ನೋಡಿಕೊಳ್ಳೋಕೆ ಇನ್ನೊಂದು ಬದಿ ಹಾಗೇ ಇರುತ್ತೆ. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೋ ತೆಗೀರಿ.
2. ಬ್ರೇಕ್ ಧೂಳನ್ನು ಬಾಯಿಂದಾಗಲಿ ಗಾಳಿ ಪೈಪಿನಿಂದಾಗಲಿ ಊದಬೇಡಿ. ಹಳೇ ಪ್ಯಾಡ್‌ನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ವಿಷ. ಸ್ಪ್ರೇಯಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆ ಗೊಬ್ಬರದ ಗುಂಡಿಗೆ ಹೋಗಬಾರದು.
3. ಕ್ಯಾಲಿಪರ್‌ನ ಪಿನ್ ಬೋಲ್ಟ್ ಬಿಚ್ಚಿ ಕ್ಯಾಲಿಪರ್ ತೆಗೆಯಿರಿ. ಅದನ್ನು ಬ್ರೇಕ್ ಹೋಸ್ ಮೇಲೆ ಜೋತು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೋ ಚಾಸಿಗೋ ಕಟ್ಟಿ.
4. ಹಳೇ ಪ್ಯಾಡ್ ತೆಗೆದು ಜೋಡಿ ನೋಡಿ. ಒಳಗಿನದು ಹೊರಗಿನದಕ್ಕಿಂತ ತುಂಬಾ ಸವೆದಿದ್ದರೆ ಪಿನ್ ಅಥವಾ ಪಿಸ್ಟನ್ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಹೊಸ ಪ್ಯಾಡ್ ಹಾಕಿದರೂ ಅದು ಹಾಗೇ ಸವೆಯುತ್ತೆ. ನಮ್ಮ ಗಾಡಿಯಲ್ಲಿ ಆಗಿದ್ದೂ ಇದೇ: ಪಿನ್‌ನ ರಬ್ಬರ್ ಹರಿದು ಕೆಸರು ಸೇರಿ ತುಕ್ಕು ಹಿಡಿದಿತ್ತು.

ಡಿಸ್ಕ್ ಬದಲಿಸೋದು

ಡಿಸ್ಕ್ ತೆಗೆಯಲು ಮೊದಲು ಕ್ಯಾಲಿಪರ್ ಕೂರುವ ಬ್ರಾಕೆಟ್‌ನ ಎರಡು ದೊಡ್ಡ ಬೋಲ್ಟ್ ಬಿಚ್ಚಬೇಕು. ಕೆಲವು ಗಾಡಿಗಳಲ್ಲಿ ಡಿಸ್ಕ್ ಹಬ್ ಮೇಲೆ ಸುಮ್ಮನೆ ಕೂತಿರುತ್ತೆ, ಮರದ ಸುತ್ತಿಗೆಯಿಂದ ತಟ್ಟಿದರೆ ಹೊರಗೆ ಬರುತ್ತೆ. ಇನ್ನು ಕೆಲವು ಪಿಕಪ್‌ಗಳಲ್ಲಿ ಡಿಸ್ಕನ್ನು ಹಬ್‌ನ ಹಿಂಬದಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಲ್ಲಿ ಹಬ್, ಬೇರಿಂಗ್ ಎಲ್ಲ ಬಿಚ್ಚಿ, ಮತ್ತೆ ಗ್ರೀಸ್ ತುಂಬಿ, ಅಳತೆಗೆ ಸರಿಯಾಗಿ ಬಿಗಿಯಬೇಕು. ಬಿಗಿ ಹೆಚ್ಚಾದರೆ ಬೇರಿಂಗ್ ಸುಡುತ್ತೆ, ಕಡಿಮೆಯಾದರೆ ಚಕ್ರ ಅಲ್ಲಾಡುತ್ತೆ. ಅಂಥ ಗಾಡಿಯಾದರೆ ಪ್ಯಾಡ್ ಮಾತ್ರ ಮನೆಯಲ್ಲಿ ಮಾಡಿ, ಡಿಸ್ಕ್ ಗ್ಯಾರೇಜಿಗೆ ಬಿಡಿ. ನಾನೂ ಹಾಗೇ ಮಾಡೋದು.

ಹಬ್ ಮೇಲಿನ ತುಕ್ಕನ್ನು ತಂತಿ ಬ್ರಶ್‌ನಿಂದ ಪೂರ್ತಿ ಉಜ್ಜಿ. ಒಂದು ಚೂರು ತುಕ್ಕು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು ಪೆಡಲ್ ಅದುರುತ್ತೆ. ಹೊಸ ಡಿಸ್ಕ್‌ಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಎರಡೂ ಮುಖ ಒರೆಸಿ. ಬ್ರಾಕೆಟ್ ಬೋಲ್ಟ್‌ಗಳನ್ನು ಗಾಡಿಯ ಪುಸ್ತಕದಲ್ಲಿ ಕೊಟ್ಟ ಟಾರ್ಕ್‌ಗೇ ಬಿಗಿಯಿರಿ.

ಮತ್ತೆ ಜೋಡಿಸೋದು

ಪಿಸ್ಟನ್ ಮುಖಕ್ಕೆ ಹಳೇ ಪ್ಯಾಡ್ ಇಟ್ಟು ಸಿ-ಕ್ಲ್ಯಾಂಪ್‌ನಿಂದ ನಿಧಾನಕ್ಕೆ ಒಳಗೆ ತಳ್ಳಿ. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತೆ, ಮೊದಲೇ ತುಂಬಿದ್ದರೆ ಸಿರಿಂಜ್‌ನಲ್ಲಿ ಸ್ವಲ್ಪ ತೆಗೆಯಿರಿ. ಪೇಂಟ್ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಪಿನ್‌ಗಳನ್ನು ಸ್ವಚ್ಛ ಮಾಡಿ ಬ್ರೇಕ್ ಗ್ರೀಸ್ ತೆಳುವಾಗಿ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಊದಿಸುತ್ತೆ. ಪ್ಯಾಡ್‌ನ ಉಜ್ಜುವ ಮುಖಕ್ಕಾಗಲಿ ಡಿಸ್ಕ್‌ಗಾಗಲಿ ಗ್ರೀಸ್ ತಾಕಲೇಬಾರದು. ಕ್ಲಿಪ್, ಪ್ಯಾಡ್ ಕೂರಿಸಿ, ಕ್ಯಾಲಿಪರ್ ಹಾಕಿ, ಪಿನ್ ಬೋಲ್ಟ್‌ಗಳನ್ನೂ ಟಾರ್ಕ್‌ಗೆ ಬಿಗಿದು, ಹೋಸ್ ತಿರುಚಿಲ್ಲ ಅಂತ ನೋಡಿ. ಚಕ್ರ ಹಾಕಿ ನಟ್‌ಗಳನ್ನು ಕೈಯಲ್ಲೇ ಕೂರಿಸಿ, ಗಾಡಿ ಇಳಿಸಿದ ಮೇಲೆ ಎದುರುಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿಯಿರಿ.

ಈಗ ಎಲ್ಲಕ್ಕಿಂತ ಮುಖ್ಯದ್ದು. ಎರಡೂ ಬದಿ ಮುಗಿದ ಮೇಲೆ, ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಹಲವು ಸಲ ಒತ್ತಿ. ಪಿಸ್ಟನ್ ಹಿಂದಕ್ಕೆ ಹೋಗಿರೋದರಿಂದ ಮೊದಲ ಒತ್ತಿಗೆ ಬ್ರೇಕ್ ಇರೋದೇ ಇಲ್ಲ. ಇದನ್ನು ಮರೆತು ರಿವರ್ಸ್ ಹಾಕಿದರೆ ಕೊಟ್ಟಿಗೆ ಗೋಡೆಯೇ ಬ್ರೇಕ್. ಆಮೇಲೆ ಆಯಿಲ್ ಮಟ್ಟ ನೋಡಿ, ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಒತ್ತಿ ಪರೀಕ್ಷಿಸಿ.

ಬ್ರೇಕ್ ಆಯಿಲ್ ಮರೀಬೇಡಿ

ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಎಲ್ಲ ಹಾಳು. ಈ ದ್ರವ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ನಮಗೆ ಕೈಕೊಟ್ಟಿದ್ದು ಇದೇ. ಗಾಡಿ ಪುಸ್ತಕ ಹೇಳಿದ ಅವಧಿಗೆ ಬದಲಿಸಿ, ಹೆಚ್ಚಿನ ಗಾಡಿಗಳಿಗೆ ಅದು ಎರಡು ವರ್ಷದ ಆಸುಪಾಸು. ಪ್ಯಾಡ್ ಮಾತ್ರ ಬದಲಿಸಿ ಹೋಸ್ ಬಿಚ್ಚದಿದ್ದರೆ ಏರ್ ತೆಗೆಯುವ ಅಗತ್ಯ ಬರೋದಿಲ್ಲ.

ಹೊಸ ಪ್ಯಾಡ್ ಪಳಗಿಸಿ

ಖಾಲಿ ಗಾಡಿ, ಖಾಲಿ ರಸ್ತೆ, ಸಮತಟ್ಟು ಜಾಗ. ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಹದವಾಗಿ ಇಳಿಸಿ. ನಡುವೆ ಸ್ವಲ್ಪ ಓಡಿಸಿ ಆರಲು ಬಿಡಿ. ಮೊದಲ ವಾರ ಲೋಡ್ ಹಾಕಿ ಘಾಟಿಗೆ ಹೋಗಬೇಡಿ. 100 ಕಿ.ಮೀ. ಒಳಗೆ ವೀಲ್ ನಟ್ ಮತ್ತೊಮ್ಮೆ ಬಿಗಿ ನೋಡಿ.

ಯಾವಾಗ ಕೈ ಹಾಕಬಾರದು?

ಆಯಿಲ್ ಸೋರುತ್ತಿದ್ದರೆ, ಪಿಸ್ಟನ್ ಒಳಗೆ ಹೋಗದಿದ್ದರೆ, ಹೋಸ್ ಬಿರುಕು ಬಿಟ್ಟಿದ್ದರೆ, ಎಬಿಎಸ್ ದೀಪ ಉರಿಯುತ್ತಿದ್ದರೆ, ಎಲ್ಲ ಮುಗಿದ ಮೇಲೂ ಪೆಡಲ್ ಮೆದುವಾಗಿದ್ದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಇದರಲ್ಲಿ ನಾಚಿಕೆ ಏನಿಲ್ಲ.

ಈಗ ತಿಂಗಳ ಮೊದಲ ಭಾನುವಾರ ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಸಂದಿಯಲ್ಲಿ ಪ್ಯಾಡ್ ನೋಡೋದು ನಮ್ಮನೇಲಿ ಅಭ್ಯಾಸ. ಎರಡು ನಿಮಿಷದ ಕೆಲಸ. ಘಾಟಿ ಇಳಿಯುವಾಗ ತಮ್ಮ ಮೊದಲೇ ಕೆಳಗಿನ ಗೇರ್ ಹಾಕ್ತಾನೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯೋದು ಬಿಟ್ಟಿದ್ದಾನೆ. ನೀವೂ ಈ ಭಾನುವಾರ ಒಮ್ಮೆ ಬಗ್ಗಿ ನೋಡಿ. ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ, ಮಳೆಗಾಲದಲ್ಲಿ ಸೌತೆಗೆ ಬರುವ ಬೂಜುರೋಗದ ಬಗ್ಗೆ ಬರೀತೀನಿ.