ಅಂಗಳದ ಶಾಲೆಗೂ ಓದಿದ ಗುರು ಬೇಕು

“ಸಣ್ಣ ಮಕ್ಕಳಿಗೆ ಅ ಆ ಇ ಈ ಕಲಸಾಕ ಪದವಿ ಯಾಕ ಬೇಕ್ರಿ? ನಮ್ಮವ್ವ ನಮಗ ಕಲಿಸಲಿಲ್ಲೇನು?”

ರವಿವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ತಾಯಿಯೊಬ್ಬರು ನಮ್ಮೆದುರು ಇಟ್ಟ ಪ್ರಶ್ನೆಯಿದು. ಪಿಯುಸಿ ಮುಗಿಸಿದ ಅವರ ಮಗಳು ಶಿಶುಶಿಕ್ಷಣವನ್ನೇ ಓದುವೆನೆಂದು ಹಟ ಹಿಡಿದಿದ್ದಾಳೆ. ನರ್ಸಿಂಗ್ ಆದರೆ ಪರದೇಶಕ್ಕೆ ಹೋಗಬಹುದು, ಬಿ.ಎಡ್. ಆದರೆ ಸರಕಾರಿ ನೌಕರಿಯ ಆಸೆಯಾದರೂ ಇರುತ್ತದೆ, ಮೂಗು ಒರೆಸುವ ಕೆಲಸಕ್ಕೆ ನಾಲ್ಕು ವರ್ಷದ ಓದು ಏತಕ್ಕೆಂಬುದು ಆ ತಾಯಿಯ ಸಂಕಟ. ಮಗಳ ಭವಿಷ್ಯವನ್ನು ನೆನೆದು ಕೇಳಿದ ಮಾತಾದುದರಿಂದ ನಕ್ಕು ತಳ್ಳಿಹಾಕುವಂಥದಲ್ಲ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಯಾವುದಾದರೂ ಊರಿನ ಅಂಗನವಾಡಿಗೆ ಹೋಗಿ ಒಂದು ಗಂಟೆ ಕುಳಿತು ನೋಡಿದರೆ ಸಾಕು. ಒಂದು ಮಗು ಮನೆಯಲ್ಲಿ ಮರಾಠಿ ಆಡುತ್ತದೆ, ಪಕ್ಕದ್ದು ಉರ್ದು, ಮೂರನೆಯದು ಕನ್ನಡ. ನಿಪ್ಪಾಣಿಯ ಮಗುವಿನ ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಕಬ್ಬು ಕಡಿಯುವ ತಂಡಗಳು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಆ ಮಕ್ಕಳು ಕೆಲವು ತಿಂಗಳು ಇಲ್ಲಿ, ಮಿಕ್ಕ ತಿಂಗಳು ಇನ್ನೆಲ್ಲೋ.

ಇಂಥ ಮಕ್ಕಳಲ್ಲಿ ಒಂದು ಮಗು ವಾರಗಟ್ಟಲೆ ತುಟಿ ಬಿಚ್ಚದೆ ಮೂಲೆಯಲ್ಲಿ ಕುಳಿತಿದೆಯೆಂದು ಇಟ್ಟುಕೊಳ್ಳೋಣ. ತರಬೇತಿಯಿಲ್ಲದವರು ಅದನ್ನು ದಡ್ಡ ಎಂದು ಬಿಡುತ್ತಾರೆ, ಇಲ್ಲವೆ ಬೆತ್ತ ತೋರಿಸುತ್ತಾರೆ. ಓದಿದ ಶಿಕ್ಷಕಿಗೆ ಬೇರೆ ಪ್ರಶ್ನೆಗಳು ಹೊಳೆಯುತ್ತವೆ. ಕಿವಿ ಕೇಳಿಸುತ್ತದೆಯೆ? ಹೊಟ್ಟೆಗೆ ಸಾಕಷ್ಟು ಬಿದ್ದಿದೆಯೆ? ಅಥವಾ ಹೊಸ ಭಾಷೆಯನ್ನು ಕಿವಿಗೊಟ್ಟು ಕೇಳುತ್ತ ಒಳಗೊಳಗೇ ಕೂಡಿಡುತ್ತಿದೆಯೆ? ಎರಡನೆಯ ಭಾಷೆಯ ನಡುವೆ ಬಂದುಬಿದ್ದ ಅನೇಕ ಮಕ್ಕಳು ಮೊದಮೊದಲು ಮೌನವಾಗಿರುವುದು ಸಹಜ. ಆಕೆ ಮಗುವಿನ ಮನೆಮಾತಿನಲ್ಲೇ ಅದರ ಹೆಸರು ಹಿಡಿದು ಮಾತನಾಡಿಸುತ್ತಾಳೆ, ಅದೇ ಮಾತಿನ ಒಂದು ಹಾಡು ಹಾಡಿಸಿ ಮೆಲ್ಲನೆ ಕನ್ನಡವನ್ನು ಸೇರಿಸುತ್ತಾಳೆ. ಮೇಲಿನಿಂದ ನೋಡಿದವರಿಗೆ ಇದೆಲ್ಲ ಆಟವಾಗಿ ಕಾಣುತ್ತದೆ.

ಅಂಗನವಾಡಿಯೆಂಬ ಹೆಸರು ನಮ್ಮ ನೆರೆಯ ಮಹಾರಾಷ್ಟ್ರದ ಕಡೆಯಿಂದ ಬಂದುದು. 1926ರಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಬಂದು ನೆಲೆಸಿದರು. ಶಾಲೆಗೆ ಬಾರದ ಬಡಮಕ್ಕಳಿಗಾಗಿ ಶಾಲೆಯನ್ನೇ ಅವರ ಗುಡಿಸಲಿನ ಅಂಗಳಕ್ಕೆ ಒಯ್ದರು. ಅವರ ಜೊತೆಗಾರ್ತಿ ಅನುತಾಯಿ ವಾಘ್ ಅವರು ಹದಿಮೂರರ ವಯಸ್ಸಿನಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದವರು. ಮಕ್ಕಳಿಗೆ ಕಲಿಸುತ್ತಲೇ ತಾವೂ ಓದಿ, ಐವತ್ತರ ಆಸುಪಾಸಿನಲ್ಲಿ ಪದವಿ ಪಡೆದರು. ಅಷ್ಟು ವರ್ಷ ಮಕ್ಕಳ ನಡುವೆ ಕಳೆದವರಿಗೂ ಓದು ಬೇಕೆನಿಸಿತೆಂಬುದನ್ನು ಆ ತಾಯಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಇಟಲಿಯ ಕಥೋಲಿಕ ಮನೆತನದಲ್ಲಿ 1870ರಲ್ಲಿ ಹುಟ್ಟಿದ ವೈದ್ಯೆ ಮರಿಯಾ ಮಾಂಟೆಸರಿಯವರ ಹೆಸರನ್ನು ನಮ್ಮ ಓದುಗರು ಬಲ್ಲರು. ಅವರ ಮೊದಲ ಮಕ್ಕಳ ಮನೆ ತೆರೆದದ್ದು 1907ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ರೋಮ್ ನಗರದ ಸಾನ್ ಲೊರೆಂಝೊ ಎಂಬ ಬಡವರ ಕೇರಿಯಲ್ಲಿ. ತಂದೆತಾಯಿ ದುಡಿಯಹೋದಾಗ ಒಂಟಿಯಾಗಿ ಉಳಿಯುತ್ತಿದ್ದ ಮಕ್ಕಳಿಗಾಗಿ ಅದು ಹುಟ್ಟಿತು. 1939ರಲ್ಲಿ ಭಾರತಕ್ಕೆ ಬಂದ ಅವರು ಮದರಾಸಿನ ಅಡ್ಯಾರಿನಲ್ಲಿ ಮುನ್ನೂರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಇಂದು ಅವರ ಹೆಸರಿನ ಫಲಕ ಹೊತ್ತ ಎಷ್ಟೋ ಶಾಲೆಗಳು ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಮನೆಪಾಠ ಬರೆಸುತ್ತವೆ. ತಪ್ಪು ಶಾಲೆಗಳದ್ದಷ್ಟೇ ಅಲ್ಲ. ಯಾರು ನಡೆಸಿದರೂ ಎಲ್‌ಕೆಜಿಗೆ ‘ಕಾನ್ವೆಂಟ್’ ಎನ್ನುವ ನಾವು, ಮಗು ಇಂಗ್ಲಿಷ್ ಪದ್ಯ ಒಪ್ಪಿಸದಿದ್ದರೆ ಶುಲ್ಕ ದಂಡವಾಯಿತೆಂದು ಗೊಣಗುವವರೇ.

ಇನ್ನು ಎಲ್ಲಿ ಓದಬೇಕು? ನಮ್ಮ ಭಾಗಕ್ಕೆ ಹತ್ತಿರವಾದುದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಹಿಂದೆ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವೆಂದು ಹೆಸರಾಗಿದ್ದ ಅಲ್ಲಿಯ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಎಸ್‌ಸಿ. ಪದವಿಯಿದೆ. ಮಗುವಿನ ಬೆಳವಣಿಗೆ, ಆಹಾರ ಮತ್ತು ಪೋಷಣೆ, ಕುಟುಂಬದ ಅಧ್ಯಯನ ಎಲ್ಲವೂ ಅದರಲ್ಲಿ ಸೇರಿವೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಲೆ, ವಾಣಿಜ್ಯ ಓದಿದವರು, ಮನೆ ಬಿಟ್ಟು ಹೋಗಲಾಗದವರು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾವನ್ನು ಅಂಚೆಯ ಮೂಲಕ ಮಾಡಬಹುದು. ಅದಕ್ಕೆ ಯಾವ ವಿಭಾಗದ ಪಿಯುಸಿಯಾದರೂ ಸಾಕು, ಮಕ್ಕಳೊಡನೆ ಮಾಡಿ ತೋರಿಸುವ ಕೆಲಸವೂ ಅದರ ಭಾಗ. ಪೇಟೆಯ ಮಹಡಿಯ ಮೇಲೊಂದು ಕೋಣೆಯಲ್ಲಿ ಆರು ತಿಂಗಳಲ್ಲಿ ‘ನರ್ಸರಿ ಟ್ರೇನಿಂಗ್’ ಮುಗಿಸಿಕೊಡುವವರ ಬಗ್ಗೆ ಮಾತ್ರ ಎಚ್ಚರವಿರಲಿ. ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯ ಅಥವಾ ಸರಕಾರಿ ಮಂಡಳಿಯ ಮಾನ್ಯತೆಯಿದೆಯೆಂದು ಕೇಳಿ, ಬರೆಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಿರಿ.

ಸಂಬಳದ ಮಾತನ್ನು ಮುಚ್ಚಿಡಬಾರದು. 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇಂದು ದೇಶದ ಮೂಲೆಮೂಲೆಗೆ ಹಬ್ಬಿದೆ. ಆದರೂ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದಕ್ಕೆ ಸರಕಾರ ಕೊಟ್ಟ ಹೆಸರು ಗೌರವಧನ. ಕೇಂದ್ರ ಸರಕಾರವು ತನ್ನ ಪಾಲನ್ನು 2018ರಲ್ಲಿ ತಿಂಗಳಿಗೆ 4,500 ರೂಪಾಯಿಗೆ ಏರಿಸಿತು. ರಾಜ್ಯ ಸೇರಿಸುವುದು ಅದರ ಮೇಲೆ. ಖಾಸಗಿ ನರ್ಸರಿಗಳಲ್ಲಿ ಕೊಡುವುದೂ ಅನೇಕ ಕಡೆ ಹೇಳಿಕೊಳ್ಳುವಂಥದಲ್ಲ. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿಯವರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ತೀರ್ಪಿತ್ತಿತು. ಮೆದುಳಿನ ಬೆಳವಣಿಗೆಯ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಆರು ವರ್ಷದೊಳಗೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದುಕೊಂಡಿದೆ. ಕರ್ನಾಟಕವು ಆ ನೀತಿಯನ್ನು ಬದಿಗಿಟ್ಟು 2023ರಲ್ಲಿ ತನ್ನದೇ ಆಯೋಗ ರಚಿಸಿದುದು ಬೇರೆ ಮಾತು. ಮಗುವಿನ ಮೊದಲ ಆರು ವರ್ಷ ಅಷ್ಟು ದೊಡ್ಡದೆಂದು ಒಪ್ಪುವವರು ಅದನ್ನು ಕಾಯುವವಳ ಕೂಲಿಯನ್ನು ಇಷ್ಟು ಚಿಕ್ಕದಾಗಿ ಇಡುವುದು ನಮಗಂತೂ ಅರ್ಥವಾಗದು. ಮಗಳು ಇದನ್ನೆಲ್ಲ ತಿಳಿದೇ ಹೋಗಲಿ. ನಾಲ್ಕು ವರ್ಷದ ಪದವಿ ಇದ್ದವಳಿಗೆ ಸ್ನಾತಕೋತ್ತರ ಓದಿನ ದಾರಿಯೂ ತೆರೆದಿರುತ್ತದೆ.

ಆ ತಾಯಿ ಮುಂದಿನ ರವಿವಾರ ಮತ್ತೆ ಸಿಕ್ಕರು. ಪದವಿ ಯಾಕೆಂದು ಈ ಸಲ ಕೇಳಲಿಲ್ಲ. ರಾಯಬಾಗ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಧಾರವಾಡ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ಹುಡುಗಿಯರ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಕೊಡುತ್ತಾರೆಯೆ ಎಂದು ವಿಚಾರಿಸಿದರು.