ಬೆನ್ನೆಲುಬು: ಒಂದು ಸಂಧಿ ಪ್ರಕರಣ

ಕನ್ನಡ ಸಂಘದ ಪತ್ರಿಕೆಗೆ ಎಲುಬಿನ ಮೇಲೆ ಲೇಖನವೇ ಎಂದು ಸಂಪಾದಕ ಮಿತ್ರರು ಹುಬ್ಬೇರಿಸಿದರು. ನಾನು ಕೇಳಿದೆ: ಬೆನ್ನು + ಎಲುಬು = ಬೆನ್ನೆಲುಬು, ಇದು ಯಾವ ಸಂಧಿ? ಲೋಪಸಂಧಿ ಎಂದರು. ಹಾಗಾದರೆ ವಿಷಯ ನಮ್ಮ ಪಾಠದೊಳಗಿನದೇ ಆಯಿತಲ್ಲ! ಉಳಿದದ್ದನ್ನು ನಾನು ಕಲಿತದ್ದು ಹೋದ ಮಳೆಗಾಲದಲ್ಲಿ, ಅಪ್ಪಯ್ಯ ಹಾಸಿಗೆ ಹಿಡಿದಾಗ. ನಾನು ವೈದ್ಯನಲ್ಲ, ಕನ್ನಡ ವಿದ್ಯಾರ್ಥಿ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಬೇಕು.

ಅಪ್ಪಯ್ಯ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ, ಅಲ್ಲಿಂದ ಬಂದು ಮರುದಿನದ ಇಡ್ಲಿಗೆ ಅಕ್ಕಿ, ಉದ್ದು ರುಬ್ಬುವುದು. ಆ ಹೋಟೆಲಿಗೆ ಆಗಿನ್ನೂ ಗ್ರೈಂಡರ್ ಬಂದಿರಲಿಲ್ಲ. ಇಂಥ ಬೆನ್ನು ಹೋದ ಜುಲೈಯಲ್ಲಿ ಒಂದು ಬೆಳಿಗ್ಗೆ ಕೈಕೊಟ್ಟಿತು. ತುಂಬಿದ ಗ್ಯಾಸ್ ಸಿಲಿಂಡರನ್ನು ಬಾಗಿ ಎತ್ತಿದರು, ಎತ್ತಿದ ಹಾಗೇ ಸೊಂಟ ತಿರುಗಿಸಿ ಪಕ್ಕಕ್ಕೆ ಇಡಹೋದರು. ಒಳಗಿನ ಅನಿಲವೇ 14.2 ಕಿಲೋ, ಉಕ್ಕಿನ ಸಿಲಿಂಡರು ಹೆಚ್ಚುಕಡಿಮೆ ಅಷ್ಟೇ ತೂಕ. ಸೊಂಟದಿಂದ ಹೆಬ್ಬೆರಳಿನವರೆಗೆ ಮಿಂಚು ಹರಿದ ಹಾಗಾಯ್ತಂತೆ.

ಸ್ಕ್ಯಾನ್ ತೆಗೆಸಿದ ಕಡೆ ಹಿಂದಿಯಲ್ಲಿ ಒಂದೇ ಮಾತು ಹೇಳಿ ಕಳಿಸಿದರು: ಡಿಸ್ಕ್ ಜಾರಿದೆ. ಚಾಳಿನವರು ಅದಕ್ಕೆ ಟಿಪ್ಪಣಿ ಬರೆದರು. ಅಲುಗಾಡಬೇಡಿ, ಮೂರು ತಿಂಗಳು ಹಲಗೆಯ ಮೇಲೆ ಮಲಗಿ, ಎದ್ದರೆ ಕಾಲೇ ಹೋದೀತು! ನಲವತ್ತು ವರ್ಷ ನಿಂತೇ ದುಡಿದ ಮನುಷ್ಯ ಎದ್ದು ಕೂರಲು ಹೆದರಿದರು. ನಾಲ್ಕನೆಯ ರಾತ್ರಿ ಮೆಲ್ಲಗೆ ಕೇಳಿದರು: "ಮಾಣಿ, ನನ್ನ ಬೆನ್ನು ಮುರಿದೇ ಹೋಯ್ತಾ?" ಎಂ.ಎ. ಓದುತ್ತಿರುವ ನನ್ನಲ್ಲಿ ಉತ್ತರ ಇರಲಿಲ್ಲ.

ಪರೇಲಿನ ಹಾಸ್ಟೆಲಿನಲ್ಲಿ ವೈದ್ಯಕೀಯ ಓದುವ ಗೆಳೆಯನೊಬ್ಬನಿದ್ದಾನೆ. ಅವನು ತನ್ನ ಎಲುಬಿನ ಪೆಟ್ಟಿಗೆ ಹೊತ್ತು ಮನೆಗೆ ಬಂದ. ದಾರಕ್ಕೆ ಪೋಣಿಸಿದ ಬೆನ್ನೆಲುಬನ್ನು ಅಪ್ಪಯ್ಯನ ಕೈಗೇ ಕೊಟ್ಟ. ಆ ಸಂಜೆ ಅವನು ಹೇಳಿದ್ದನ್ನು, ಆಮೇಲೆ ನಾನು ಓದಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಹುಟ್ಟುವಾಗ ಬೆನ್ನೆಲುಬಿನಲ್ಲಿ 33 ಮಣಿಗಳು: ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದ ತುದಿಯಲ್ಲಿ 4. ಬೆಳೆಯುತ್ತ ಬೆಳೆಯುತ್ತ ಸೊಂಟದ ಕೆಳಗಿನ ಐದೂ ಕೂಡಿ ತ್ರಿಕಾಸ್ಥಿ ಎಂಬ ಒಂದೇ ಎಲುಬಾಗುತ್ತವೆ. ಬಾಲದ ನಾಲ್ಕೂ ಸಾಮಾನ್ಯವಾಗಿ ಹಾಗೆಯೇ ಒಂದಾಗುತ್ತವೆ. ಹೀಗಾಗಿ ದೊಡ್ಡವರಲ್ಲಿ ಲೆಕ್ಕ 26ಕ್ಕೆ ಇಳಿಯುತ್ತದೆ. ಅಷ್ಟುದ್ದದ ಕುತ್ತಿಗೆಯ ಜಿರಾಫೆಗೂ ಅಲ್ಲಿ ಮಣಿ ಏಳೇ!

ಇನ್ನು ರೂಪ. ನೆಟ್ಟಗೆ ನಿಂತುಕೋ ಎಂದು ಮೇಷ್ಟ್ರು ಎಷ್ಟು ಗದರಿಸಿದರೂ ಬೆನ್ನೆಲುಬು ನೆಟ್ಟಗಿರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಅದು ಒಂದೇ ಬಿಲ್ಲಿನ ಹಾಗೆ ಬಾಗಿರುತ್ತದೆ. ಮಗು ಕತ್ತು ನಿಲ್ಲಿಸಲು ಕಲಿತಾಗ ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ಎದ್ದು ನಡೆಯಲು ಕಲಿತಾಗ ಸೊಂಟ ಮುಂದಕ್ಕೆ ಬಾಗುತ್ತದೆ. ಈ ಬಾಗುಗಳಿಂದಲೇ ಅದು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ.

ಒಂದೊಂದು ಮಣಿಗೂ ಮುಂದೆ ದಪ್ಪ ದಿಂಡು, ಹಿಂದೆ ಕಮಾನು. ನಡುವೆ ಒಂದು ತೂತು. ಮಣಿಯ ಮೇಲೆ ಮಣಿ ಕೂತಾಗ ಈ ತೂತುಗಳೆಲ್ಲ ಸೇರಿ ಸುರಂಗವಾಗುತ್ತವೆ, ಅದರೊಳಗೆ ಬೆನ್ನುಹುರಿ. ಬೆನ್ನು ಸವರಿದರೆ ಬೆರಳಿಗೆ ಸಿಗುವ ಉಬ್ಬುಗಳು ಈ ಕಮಾನಿನ ಹಿಂತುದಿಗಳು. ಮಣಿಗಳ ನಡುವಿನ ಕಿಂಡಿಗಳಿಂದ 31 ಜೊತೆ ನರಗಳು ಹೊರಡುತ್ತವೆ. ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಕುದುರೆಯ ಬಾಲದಂತೆ ಹರಡಿದ ಬರೀ ನರಗಳು.

ಈಗ ಸಂಧಿ. ಎರಡು ಮಣಿ ಸೇರುವ ಕಡೆ ಇರುವುದು ಮೂರು ಕೀಲು: ಮುಂದೆ ಡಿಸ್ಕ್ ಎಂಬ ಬಿಲ್ಲೆ, ಹಿಂದೆ ಎಡಬಲಕ್ಕೆ ಒಂದೊಂದು ಸಣ್ಣ ಕೀಲು. ಮೂರು ಕಲ್ಲಿನ ಒಲೆ ಎನ್ನಿ. ಒಂದು ಕಲ್ಲು ಕುಸಿದರೆ ಪಾತ್ರೆಯ ಭಾರ ಮಿಕ್ಕೆರಡರ ಮೇಲೆ ಬೀಳುತ್ತದೆ. ವಯಸ್ಸಾದಂತೆ ಡಿಸ್ಕ್ ತೆಳುವಾದಾಗ ಹಿಂದಿನ ಕೀಲುಗಳು ಸವೆಯುವುದು ಹೀಗೆಯೇ.

ಹಿಂದಿನ ಕೀಲುಗಳ ಓರೆ ಎಲ್ಲ ಕಡೆ ಒಂದೇ ಅಲ್ಲ. ಎದೆಯ ಭಾಗದಲ್ಲಿ ಅವು ತಿರುಗಲು ಬಿಡುತ್ತವೆ, ಆದರೆ ಬಾಗಲು ಪಕ್ಕೆಲುಬುಗಳು ಹೆಚ್ಚು ಬಿಡುವುದಿಲ್ಲ. ಸೊಂಟದಲ್ಲಿ ತದ್ವಿರುದ್ಧ: ಬಾಗು ಎಂದರೆ ಸೈ, ತಿರುಗು ಎಂದರೆ ತಡೆ. ಅಪ್ಪಯ್ಯ ಸಿಲಿಂಡರ್ ಹಿಡಿದು ಬಾಗಿಯೂ ಬಾಗಿದರು, ತಿರುಗಿಯೂ ತಿರುಗಿದರು. ಕುತ್ತಿಗೆಯ ಮೇಲ್ತುದಿಯದು ಇನ್ನೊಂದು ತಮಾಷೆ. ಮೊದಲ ಮಣಿಗೆ ದಿಂಡೇ ಇಲ್ಲ, ಅದು ಬರೀ ಬಳೆ. ಎರಡನೆಯ ಮಣಿಯ ಹಲ್ಲಿನಂಥ ಮೊನೆ ಆ ಬಳೆಯೊಳಗೆ ಗೂಟದಂತೆ ನಿಂತಿದೆ. ಹೌದೆಂದು ತಲೆ ಆಡಿಸುವುದು ಹೆಚ್ಚಾಗಿ ತಲೆಬುರುಡೆ ಮತ್ತು ಬಳೆಯ ನಡುವೆ. ಅಲ್ಲವೆಂದು ಆಡಿಸುವುದು ಬಳೆ ಮತ್ತು ಗೂಟದ ನಡುವೆ. ಈ ಎರಡು ಕಡೆ ಡಿಸ್ಕ್ ಇಲ್ಲ. ಉಳಿದ ಕಡೆ ಒಟ್ಟು 23.

ಡಿಸ್ಕ್ ಎಂದರೆ ಏನು? ಹೊರಗೆ ಈರುಳ್ಳಿಯಂತೆ ಪದರಪದರವಾದ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಎಳೆಯರಲ್ಲಿ ಈ ತಿರುಳಿನ ನೂರಕ್ಕೆ ಸುಮಾರು ಎಂಬತ್ತು ಪಾಲು ನೀರು. ಹಗಲಿಡೀ ನಮ್ಮ ಭಾರಕ್ಕೆ ನೀರು ಸ್ವಲ್ಪ ಸ್ವಲ್ಪ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬುತ್ತದೆ. ಅದಕ್ಕೇ ಸಂಜೆಗೆ ನಾವು ಬೆಳಗಿಗಿಂತ ಒಂದೆರಡು ಸೆಂಟಿಮೀಟರ್ ಗಿಡ್ಡ! ದೊಡ್ಡವರ ಡಿಸ್ಕಿನೊಳಗೆ ರಕ್ತನಾಳ ಹೋಗುವುದೇ ಇಲ್ಲವೆನ್ನಬಹುದು. ಅದರ ಆಹಾರ ಅಕ್ಕಪಕ್ಕದ ಎಲುಬಿನಿಂದ ಜಿನುಗಿ ಬರಬೇಕು. ಮೈ ಅಲುಗಾಡುತ್ತಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇಲ್ಲಿಗೆ ಬಂದಾಗ ಅಪ್ಪಯ್ಯ ಮಲಗಿದ್ದಲ್ಲಿಂದಲೇ ತಲೆಯೆತ್ತಿ, "ಅಲುಗಾಡಬೇಕಾ?" ಎಂದರು.

ಹೌದು. ಡಿಸ್ಕ್ ಜಾರುತ್ತದೆ ಎನ್ನುವುದು ತಪ್ಪು ಹೆಸರು. ಅದು ಮಣಿಗಳಿಗೆ ಬಲವಾಗಿ ಅಂಟಿಕೊಂಡಿದೆ, ತಟ್ಟೆಯಿಂದ ಇಡ್ಲಿ ಜಾರಿದ ಹಾಗೆ ಜಾರುವುದಿಲ್ಲ. ಆಗುವುದೇನೆಂದರೆ ನಾರಿನ ಸುತ್ತು ಬಿರಿದು ತಿರುಳು ಹೊರಕ್ಕೆ ಉಬ್ಬಿ ಪಕ್ಕದ ನರಕ್ಕೆ ತಾಗುತ್ತದೆ. ಕಾಲುನೋವಿನ ಮೂಲ ಇಲ್ಲಿರಬಹುದೆಂದು 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ತೋರಿಸಿಕೊಟ್ಟರು. ಸೊಂಟದಲ್ಲಿ ಇದು ಹೆಚ್ಚಾಗಿ ಆಗುವುದು ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲಿನ ನರ ಕಾಲಿಗೆ ಹೋಗುವುದರಿಂದ ನೋವೂ ಕಾಲಿಗಿಳಿಯುತ್ತದೆ.

ಸಮಾಧಾನದ ಮಾತು ಏನೆಂದರೆ, ಹೊರಬಂದ ತಿರುಳು ಎಷ್ಟೋ ಸಲ ತಾನೇ ಕುಗ್ಗುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ನೋವು ಇಳಿಯುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸ್ಕ್ಯಾನಿನ ಚಿತ್ರವೂ ಪೂರ್ತಿ ಕತೆ ಹೇಳುವುದಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂ.ಆರ್.ಐ. ತೆಗೆದು ನೋಡಿದಾಗ, ಎಲ್ಲ ಡಿಸ್ಕೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ! ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗುವುದನ್ನು ವೈದ್ಯರು ಈಗ ಹೇಳುವುದಿಲ್ಲ. ಮಲಗಿದಷ್ಟೂ ಬೆನ್ನನ್ನು ಹಿಡಿದಿಡುವ ಸ್ನಾಯುಗಳು ಸೋಲುತ್ತವೆ. ನೋವು ತಡೆದಷ್ಟು ಎದ್ದು ಓಡಾಡುವುದೇ ಲೇಸು.

ನಮ್ಮ ಲೋಕಲ್ ಗಾಡಿಯ ವಿಚಾರವನ್ನೂ ಹೇಳಬೇಕು. ಮೂವರ ಬೆಂಚಿಗೆ ನಾಲ್ಕನೆಯವರಾಗಿ, ಅರ್ಧ ಕುಂಡೆ ಒಳಗೆ ಅರ್ಧ ಹೊರಗೆ, ಸೊಂಟ ತಿರುಚಿಕೊಂಡು ಡೊಂಬಿವಿಲಿಯವರೆಗೆ ಕೂರುವವರು ನಮ್ಮಲ್ಲೇ ಎಷ್ಟಿಲ್ಲ? 1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು ಡಿಸ್ಕಿನೊಳಕ್ಕೇ ಸೂಜಿ ತೂರಿಸಿ ಒತ್ತಡ ಅಳೆದರು. ಒರಗದೆ ಕೂತಾಗ ನಿಂತಾಗಿಗಿಂತ ಹೆಚ್ಚು ಎಂದು ಅವರ ಅಳತೆ. ಆಮೇಲಿನವರ ಅಳತೆ ಬೇರೆ ಬಂದಿದೆ. ಆದರೆ ಬಾಗಿ ಭಾರ ಎತ್ತಿದಾಗ ಒತ್ತಡ ಏರುವುದರಲ್ಲಿ ತಕರಾರಿಲ್ಲ. ಎತ್ತುವಾಗ ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ, ತಿರುಗಬೇಕಾದರೆ ಸೊಂಟ ಬಿಟ್ಟು ಪಾದ ತಿರುಗಿಸಿ. ಗಾಡಿಯಲ್ಲಿ ಮಧ್ಯೆ ಮಧ್ಯೆ ಎದ್ದು ನಿಲ್ಲಿ. ಕೂರಲು ಕಾಯುವವರಿಗೇನೂ ಬರವಿಲ್ಲ.

ಆದರೆ ಎಲ್ಲ ಬೆನ್ನುನೋವೂ ಒಂದೇ ಅಲ್ಲ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಕ್ಷಯವೂ ಇರಬಹುದು. ಕ್ಷಯ ಎಲುಬಿಗೆ ಹಿಡಿದರೆ ಹೆಚ್ಚಾಗಿ ಹಿಡಿಯುವುದು ಬೆನ್ನೆಲುಬನ್ನೇ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಅದನ್ನು ವರ್ಣಿಸಿದ್ದ. ಕ್ಷಯ ಇನ್ನೂ ಬಿಡದ ಈ ನಮ್ಮ ಊರಿನಲ್ಲಿ ಇದನ್ನು ಮರೆಯಬಾರದು. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಅಪ್ಪಯ್ಯನಲ್ಲಿ ಈ ಯಾವ ಲಕ್ಷಣವೂ ಇರಲಿಲ್ಲ. ಮರುದಿನ ಗೋಡೆ ಹಿಡಿದು ಬಾಗಿಲವರೆಗೆ ನಡೆದರು. ದಸರೆಯ ಹೊತ್ತಿಗೆ ಸ್ಟೇಷನ್ನಿನವರೆಗೆ. ಮಾತ್ರೆ, ವ್ಯಾಯಾಮ ಎಲ್ಲವೂ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ಅವರನ್ನು ಎಬ್ಬಿಸಿದ್ದು ಕೈಯಲ್ಲಿ ಹಿಡಿದ ಆ ಎಲುಬು ಮತ್ತು ತಿಳಿಯುವ ಭಾಷೆಯಲ್ಲಿ ಕೇಳಿದ ನಾಲ್ಕು ಮಾತು. ಸಂಧಿ ಬಿಡಿಸಿ ಬರೆಯುವುದರಲ್ಲಿ ನಾವೆಲ್ಲ ಅಂಕ ತೆಗೆದವರೇ. ನಮ್ಮ ನಮ್ಮ ಮನೆಯಲ್ಲಿ ಇಂಗ್ಲಿಷಿನ ಒಂದು ರಿಪೋರ್ಟಿಗೆ ಹೆದರಿ ಮಲಗಿದವರಿದ್ದರೆ, ತಿಳಿದವರನ್ನು ಕೇಳಿಕೊಂಡು ಬಂದು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳೋಣ.