ಬಿಟ್ಟು ಸಾಕುವ ಗಿನಿ ಕೋಳಿಗಳಲ್ಲಿ ಗೂಡು ಮತ್ತು ಮೊಟ್ಟೆಗಳ ನಿರ್ವಹಣೆ

ಹಿತ್ತಲಿನಲ್ಲಿ ಬಿಟ್ಟು ಸಾಕಿದ ಗಿನಿ ಕೋಳಿಗಳು ಬೇಸಿಗೆಯ ನಂತರ ಒಂದೊಂದಾಗಿ ಕಾಣೆಯಾಗುವುದುಂಟು. ಕಳವಾಗಿರಬೇಕೆಂದು ರೈತರು ಭಾವಿಸುತ್ತಾರೆ. ಆದರೆ ಅನೇಕ ವೇಳೆ ಹೆಣ್ಣು ಹಕ್ಕಿಯು ಬೇಲಿಯ ಪೊದೆಯೊಳಗೆ ಕಾವಿಗೆ ಕುಳಿತಿದ್ದು, ರಾತ್ರಿ ನಾಯಿ, ನರಿ ಅಥವಾ ಕಾಡುಬೆಕ್ಕಿಗೆ ಬಲಿಯಾಗಿರುತ್ತದೆ. ಒಂದು ಗೂಡು ಕೈತಪ್ಪಿದರೆ ಮೊಟ್ಟೆಗಳೊಂದಿಗೆ ತಾಯಿಯೂ ನಷ್ಟವಾಗುತ್ತದೆ.

ಆಫ್ರಿಕಾ ಮೂಲದ ಈ ಹಕ್ಕಿ ಹಗಲು ದೀರ್ಘವಾಗುವ ಕಾಲದಲ್ಲಿ, ನಮ್ಮಲ್ಲಿ ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಮೊಟ್ಟೆಯಿಡುತ್ತದೆ. ನೆಲದ ಮೇಲೆ, ಮರೆಯಾದ ತಾಣದಲ್ಲಿ ಗೂಡು ಮಾಡುವುದು ಅದರ ಸ್ವಭಾವ. ಹಲವು ಹೆಣ್ಣುಗಳು ಒಂದೇ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ 30ಕ್ಕೂ ಹೆಚ್ಚು ಮೊಟ್ಟೆಗಳು ಒಟ್ಟಿಗೆ ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ. ಗಂಡು ಹಕ್ಕಿಯೊಂದು ಒಂದೇ ಪೊದೆಯ ಬಳಿ ಕಾದು ನಿಂತಿದ್ದರೆ ಗೂಡು ಅಲ್ಲಿಯೇ ಇದೆಯೆಂದು ತಿಳಿಯಿರಿ.

ಮೊಟ್ಟೆಯ ಋತುವಿನಲ್ಲಿ ಹಕ್ಕಿಗಳನ್ನು ಮಧ್ಯಾಹ್ನ 1–2 ಗಂಟೆಯವರೆಗೆ ಕೊಟ್ಟಿಗೆಯಲ್ಲಿಯೇ ಇರಿಸಿ, ಅನಂತರ ಮೇಯಲು ಬಿಡುವುದು ಉತ್ತಮ. ಕೆಲವು ಹಿಂಡುಗಳು ಇದಕ್ಕೂ ತಡವಾಗಿ ಮೊಟ್ಟೆಯಿಡುತ್ತವೆ. ಆದ್ದರಿಂದ ನಿಮ್ಮ ಹಿಂಡಿನ ವೇಳೆಯನ್ನು ಒಂದು ವಾರ ಗಮನಿಸಿ ನಿರ್ಧರಿಸಿರಿ. ನಾಟಿ ಕೋಳಿಗೆಂದು ಎತ್ತರದಲ್ಲಿ ಕಟ್ಟಿದ ಬುಟ್ಟಿಗಳನ್ನು ಇವು ಇಷ್ಟಪಡುವುದಿಲ್ಲ. ಕತ್ತಲಿರುವ ಮೂಲೆಯಲ್ಲಿ ಬಿದಿರಿನ ತಟ್ಟಿಯನ್ನು ಗೋಡೆಗೆ ಒರಗಿಸಿ, ಅದರಡಿ ಒಣಹುಲ್ಲು ಹರಡಿ, ಎರಡು ಮೂರು ಹುಸಿ ಮೊಟ್ಟೆಗಳನ್ನಿಡಿ.

ಹೊರಗಿನ ಗೂಡು ಪತ್ತೆಯಾದರೆ ಎಲ್ಲ ಮೊಟ್ಟೆಗಳನ್ನೂ ತೆಗೆಯಕೂಡದು. ನಾಲ್ಕೈದು ಮೊಟ್ಟೆಗಳಿಗೆ ಪೆನ್ಸಿಲ್ ಗುರುತು ಮಾಡಿ ಅಲ್ಲಿಯೇ ಉಳಿಸಿ, ಹೊಸದನ್ನು ಮಾತ್ರ ಪ್ರತಿದಿನ ಸಂಗ್ರಹಿಸಿರಿ. ಮನುಷ್ಯರ ಕೈವಾಸನೆ ತಾಗಿದರೆ ಹಕ್ಕಿ ಗೂಡು ಬಿಡುತ್ತದೆಂಬ ಮಾತಿದೆ. ವಾಸನೆಗಿಂತ ಗೂಡು ಬರಿದಾಗುವುದು ಹಾಗೂ ಹಕ್ಕಿಯ ಕಣ್ಣೆದುರಿಗೇ ನಾವು ಅಲ್ಲಿ ಸುಳಿಯುವುದು ಅದನ್ನು ಹೆಚ್ಚು ಬೆದರಿಸುತ್ತದೆ. ಎಷ್ಟು ದಿನದ್ದೆಂದು ತಿಳಿಯದ ಮೊಟ್ಟೆಗಳನ್ನು ಮಾರಬೇಡಿ. ಮನೆಬಳಕೆಗಾದರೂ ಒಂದೊಂದನ್ನೇ ಬೇರೆ ಬಟ್ಟಲಿನಲ್ಲಿ ಒಡೆದು ನೋಡಿರಿ.

ಮರಿ ಮಾಡಿಸಲು ಕಾವಿಗೆ ಬಂದ ನಾಟಿ ಹೇಂಟೆಯೇ ಸೂಕ್ತ. ಒಂದು ವಾರದೊಳಗಿನ ಮೊಟ್ಟೆಗಳನ್ನು ಆಯ್ದು, ಹೇಂಟೆಯ ಗಾತ್ರಕ್ಕನುಸಾರವಾಗಿ 15–18 ಇಡಬಹುದು. ಕೋಳಿಮೊಟ್ಟೆ 21 ದಿನಗಳಲ್ಲಿ ಮರಿಯಾದರೆ, ಗಿನಿ ಮೊಟ್ಟೆಗೆ 26–28 ದಿನಗಳು ಬೇಕು. ಎರಡನ್ನೂ ಒಂದೇ ದಿನ ಬೆರೆಸಿ ಕೂರಿಸಿದಲ್ಲಿ, ಕೋಳಿಮರಿಗಳು ಹೊರಬಂದೊಡನೆ ಹೇಂಟೆ ಅವುಗಳೊಂದಿಗೆ ಎದ್ದು ಹೋಗುತ್ತದೆ. ಜೀವ ತುಂಬಿದ ಗಿನಿ ಮೊಟ್ಟೆಗಳು ತಣ್ಣಗಾಗಿ ಹಾಳಾಗುತ್ತವೆ. ಈಗಾಗಲೇ ಎರಡು ವಾರ ಕಾವು ಕೊಟ್ಟಿರುವ ಹೇಂಟೆಯನ್ನೂ ಬಳಸಬಾರದು.

ಗಿನಿ ಹೆಣ್ಣು ಪೊದೆಯಲ್ಲಿ ಆಗಲೇ ಕಾವಿಗೆ ಕುಳಿತಿದ್ದು, ಬದಲಿ ಹೇಂಟೆ ದೊರೆಯದಿದ್ದರೆ, ಗೂಡಿನ ಸುತ್ತಲೂ ಮೇಲೆಯೂ ತಂತಿಬಲೆ ಹಾಕಿ ರಾತ್ರಿ ಮುಚ್ಚಿರಿ. ಬೆಳಗ್ಗೆ ಮೇವು ನೀರಿಗಾಗಿ ತೆರೆಯಿರಿ. ಮರಿಗಳು ಹೊರಬಂದ ದಿನವೇ ಅವುಗಳನ್ನು ಒಣ, ಬೆಚ್ಚಗಿನ ಕೋಣೆಗೆ ಸಾಗಿಸುವುದು ಅತ್ಯವಶ್ಯ. ತಾಯಿಯು ಮುಂಜಾನೆಯ ಇಬ್ಬನಿಯ ಹುಲ್ಲಿನಲ್ಲಿಯೇ ಅವುಗಳನ್ನು ನಡೆಸಿಕೊಂಡು ಹೋಗುತ್ತದೆ. ನೆನೆದ ಮರಿಗಳು ಚಳಿಗೆ ಬೇಗನೆ ಸಾಯುತ್ತವೆ. ಮೊದಲ 4–6 ವಾರ ಅವುಗಳನ್ನು ಹೊರಬಿಡದೆ, ಮುಳುಗದಂತೆ ಬೆಣಚುಕಲ್ಲು ಹಾಕಿದ ಆಳವಿಲ್ಲದ ತಟ್ಟೆಯಲ್ಲಿ ನೀರು ಕೊಡಿರಿ. ಹೀಗೆ ಒಳಗೆ ಬೆಳೆದ ಮರಿಗಳು ಕೊಟ್ಟಿಗೆಯನ್ನೇ ಮನೆಯೆಂದು ರೂಢಿಸಿಕೊಳ್ಳುವುದರಿಂದ, ಮುಂದಿನ ಋತುವಿನಲ್ಲಿ ಅವುಗಳನ್ನು ಸಂಜೆ ಒಳಗೆ ಕರೆತರುವುದೂ ಸುಲಭವಾಗುತ್ತದೆ.